ದ್ರಾಕ್ಷಿ ಪಡದ (ತೋಟದ) ತ್ಯಾಜ್ಯದಿಂದ ಉಪಯುಕ್ತ ಸಂಯುಕ್ತಗಳು: ವಿಜಯಪುರ ಭಾಗದ ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ತಿಕೋಟಾ, ಬಬಲೇಶ್ವರ, ಇಂಡಿ, ಚಡಚಣ, ಅಥಣಿ ಮತ್ತು ಜಮಖಂಡಿ ಭಾಗದ ದ್ರಾಕ್ಷಿ ಬೆಳೆಗಾರರು, ಒಣದ್ರಾಕ್ಷಿ ಘಟಕ ನಡೆಸುವವರು ಮತ್ತು ಈ ವಿಷಯದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗಾಗಿ ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಲಾಗಿದೆ. ದ್ರಾಕ್ಷಿ ತ್ಯಾಜ್ಯದ ಬಗ್ಗೆ ಸಿಗುವ ಬಹುಪಾಲು ಬರಹಗಳು ಯುರೋಪಿನ ವೈನ್ ಕಾರ್ಖಾನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ನಮ್ಮದು ಮುಖ್ಯವಾಗಿ ಒಣದ್ರಾಕ್ಷಿಯ ನಾಡು; ಮಳೆ ಕಡಿಮೆ, ನೀರಿಗೆ ಬೆಲೆ ಹೆಚ್ಚು. ಆದ್ದರಿಂದ ಅಲ್ಲಿನ ವಿಧಾನಗಳನ್ನು ಇಲ್ಲಿ ಹಾಗೆಯೇ ಇಳಿಸಲು ಬರುವುದಿಲ್ಲ ಎಂಬ ತಿಳಿವಳಿಕೆಯಿಂದಲೇ ಕೆಳಗಿನ ಉತ್ತರಗಳನ್ನು ಬರೆಯಲಾಗಿದೆ.

ನಮ್ಮ ಪಡದಲ್ಲಿ ಯಾವ ಯಾವ ತ್ಯಾಜ್ಯ ಸಿಗುತ್ತದೆ?

ವರ್ಷದಲ್ಲಿ ಎರಡು ಬಾರಿ ನಾವು ಚಾಟ್ನಿ ಮಾಡುತ್ತೇವೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುತ್ತೇವೆ. ಏಪ್ರಿಲ್ ಚಾಟ್ನಿಯಲ್ಲಿ ಹಣ್ಣು ಬಿಟ್ಟು ಮುಗಿದ ಕಡ್ಡಿಗಳು ಬೀಳುತ್ತವೆ; ಅಕ್ಟೋಬರ್ ಚಾಟ್ನಿಯಲ್ಲಿ ಮಳೆಗಾಲದುದ್ದಕ್ಕೂ ಬೆಳೆದು ಬಲಿತ ಕಡ್ಡಿಗಳ ತುದಿಭಾಗ ಮತ್ತು ತಪ್ಪಲು (ಎಲೆಗಳು) ಬೀಳುತ್ತವೆ. ಗೊನೆಯಲ್ಲಿ ಕಾಯಿ ವಿರಳ ಮಾಡುವಾಗ ಹುಳಿಯಾದ ಎಳೆಗಾಯಿಗಳು ಉದುರುತ್ತವೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಗೊನೆಯ ಕಡ್ಡಿ, ತೊಟ್ಟು, ದೂಳು ಮತ್ತು ದರ್ಜೆಗೆ ಬಾರದ ಹಣ್ಣು ಉಳಿಯುತ್ತವೆ. ವೈನ್ ದ್ರಾಕ್ಷಿ ಹಿಂಡುವ ಕಡೆಗಳಲ್ಲಿ ಸಿಪ್ಪೆ ಮತ್ತು ಬೀಜ ಕೂಡಿದ ಚರಟ ಹಾಗೂ ಪಾತ್ರೆಯ ತಳದಲ್ಲಿ ನಿಲ್ಲುವ ಗಸಿ ಸಿಗುತ್ತವೆ. ಹಿಂಡಿದ ದ್ರಾಕ್ಷಿಯ ತೂಕದಲ್ಲಿ ಸುಮಾರು ಶೇ 20ರಿಂದ 25ರಷ್ಟು ಚರಟವಾಗಿ ಉಳಿಯುತ್ತದೆ.

ಈ ಎಲ್ಲವನ್ನೂ ಒಂದೇ ಗುಂಡಿಗೆ ಹಾಕುವುದು ಮೊದಲ ತಪ್ಪು. ಇವುಗಳೊಳಗಿನ ಸಂಯುಕ್ತಗಳು ಬೇರೆ, ಕೆಡುವ ವೇಗ ಬೇರೆ, ಮೇಲೆ ಅಂಟಿಕೊಂಡ ರಾಸಾಯನಿಕಗಳೂ ಬೇರೆ.

ಯಾವ ಭಾಗದಲ್ಲಿ ಯಾವ ಸಂಯುಕ್ತವಿದೆ?

ದ್ರಾಕ್ಷಿಯಲ್ಲಿ ಬೇರ್ಪಡಿಸಬಹುದಾದ, ಬಣ್ಣ ಮತ್ತು ಒಗರು ಕೊಡುವ ಸಸ್ಯ ಸಂಯುಕ್ತಗಳಾದ ಪಾಲಿಫಿನಾಲ್‌ಗಳ ಪೈಕಿ ಸುಮಾರು ಶೇ 60ರಿಂದ 70ರಷ್ಟು ಬೀಜದಲ್ಲಿ, ಸುಮಾರು ಶೇ 30ರಷ್ಟು ಸಿಪ್ಪೆಯಲ್ಲಿ ಇರುತ್ತವೆ. ನಾವು ತಿನ್ನುವ ತಿರುಳಿನಲ್ಲಿ ಇರುವುದು ಬಹಳ ಸ್ವಲ್ಪ. ಕಪ್ಪು ದ್ರಾಕ್ಷಿಯ ಸಿಪ್ಪೆಗೆ ಬಣ್ಣ ಕೊಡುವುದು ಆಂಥೋಸಯಾನಿನ್. ಬೀಜ, ತೊಟ್ಟು ಮತ್ತು ಗೊನೆಯ ಕಡ್ಡಿಗಳಲ್ಲಿ ಒಗರು ರುಚಿಯ ಟ್ಯಾನಿನ್ ಇದೆ. ತಪ್ಪಲಿನಲ್ಲಿ ಕ್ವೆರ್ಸೆಟಿನ್ ಗುಂಪಿನ ಸಂಯುಕ್ತಗಳಿವೆ. ಚಾಟ್ನಿಯ ಕಡ್ಡಿಗಳಲ್ಲಿ ರೆಸ್ವೆರಾಟ್ರಾಲ್ ಮತ್ತು ಅದರ ಜೋಡಿ ಅಣುವಾದ ವಿನಿಫೆರಿನ್ ಇವೆ. ಗಸಿಯಲ್ಲಿ ಟಾರ್ಟಾರಿಕ್ ಆಮ್ಲದ ಪೊಟ್ಯಾಶಿಯಂ ಲವಣ ಹೇರಳವಾಗಿದೆ.

ನಮ್ಮ ಥಾಂಪ್ಸನ್ ಸೀಡ್‌ಲೆಸ್ ದ್ರಾಕ್ಷಿಯ ತ್ಯಾಜ್ಯದಿಂದ ಬೀಜದ ಎಣ್ಣೆ ತೆಗೆಯಬಹುದೇ?

ಆಗುವುದಿಲ್ಲ. ಥಾಂಪ್ಸನ್, ತಾಸ್-ಎ-ಗಣೇಶ್, ಸೊನಾಕಾ, ಮಾಣಿಕ್ ಚಮನ್, ಶರದ್ ಇವೆಲ್ಲ ಬೀಜರಹಿತ ತಳಿಗಳು. ಇವುಗಳಲ್ಲಿ ಬೀಜ ಬೆಳೆಯಲು ತೊಡಗಿ ಎಳೆಯದರಲ್ಲಿಯೇ ಮುರುಟಿ ಹೋಗುವುದರಿಂದ, ಎಣ್ಣೆ ತುಂಬಿದ ಗಟ್ಟಿ ಬೀಜ ಸಿಗುವುದೇ ಇಲ್ಲ. ಈ ಒಂದು ಮಾತನ್ನು ತಿಳಿಯದೆ ಗಾಣ ಖರೀದಿಸುವ ಲೆಕ್ಕ ಹಾಕಿದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಬೀಜದ ಎಣ್ಣೆಯ ಮಾತು ಕೆಬರ್ನೆ ಸೊವಿನ್ಯೋ, ಶಿರಾಜ್ ಮುಂತಾದ ವೈನ್ ತಳಿಗಳಿಗೆ ಮಾತ್ರ ಅನ್ವಯಿಸುತ್ತದೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಮೇಲೆ ಕೃಷ್ಣಾ ಕಣಿವೆಯ ವೈನ್ ದ್ರಾಕ್ಷಿಗೆ ಒಂದು ಗುರುತು ಸಿಕ್ಕಿತು. ಅಂಥ ದ್ರಾಕ್ಷಿಯ ಒಂದು ಟನ್ ಹಸಿ ಚರಟದಲ್ಲಿ ತೇವ ಶೇ 65ರಷ್ಟಿದ್ದರೆ ಒಣ ಪದಾರ್ಥ 350 ಕಿಲೋ ಉಳಿಯುತ್ತದೆ. ಅದರಲ್ಲಿ ಬೀಜ 150 ಕಿಲೋ ಇದ್ದು, ಅದರಿಂದ ಶೇ 10ರಿಂದ 12ರಷ್ಟು ಎಣ್ಣೆ ಬಂದರೆ, ಕೈಗೆ ಸಿಗುವುದು 15ರಿಂದ 18 ಕಿಲೋ. ಈ ಎಣ್ಣೆಯ ಮುಕ್ಕಾಲು ಭಾಗಕ್ಕೆ ಸಮೀಪದಷ್ಟು ಲಿನೋಲಿಯಿಕ್ ಆಮ್ಲವೇ ಇರುತ್ತದೆ. ನಮ್ಮ ಭಾಗದ ಕುಸುಬಿ ಎಣ್ಣೆಯ ಗುಣವೂ ಬಹುತೇಕ ಇದೇ. ಆದ್ದರಿಂದ ದ್ರಾಕ್ಷಿ ಬೀಜದ ಎಣ್ಣೆಯನ್ನು ಅಡುಗೆ ಎಣ್ಣೆಯ ಲೆಕ್ಕದಲ್ಲಿ ಮಾರಿದರೆ ಲಾಭ ಹುಟ್ಟುವುದಿಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿರುವ ಟ್ಯಾನಿನ್‌ಗೂ ದಾರಿ ಮಾಡಿಕೊಂಡಾಗ ಮಾತ್ರ ಲೆಕ್ಕ ಕೂಡುತ್ತದೆ.

“ಸುಸ್ಥಿರ ವಿಧಾನ” ಎಂದರೆ ನಿಖರವಾಗಿ ಏನು?

ಸಂಯುಕ್ತ ಸಸ್ಯದಿಂದ ಬಂದದ್ದು ಎಂಬ ಕಾರಣಕ್ಕೆ ಮಾತ್ರ ವಿಧಾನ ಸುಸ್ಥಿರವಾಗುವುದಿಲ್ಲ. ಬಳಸುವ ದ್ರಾವಕ ವಿಷಕಾರಿಯೇ, ಅದನ್ನು ಎಷ್ಟು ಪಾಲು ಮರಳಿ ಪಡೆಯುತ್ತೇವೆ, ಒಂದು ಕಿಲೋ ತ್ಯಾಜ್ಯಕ್ಕೆ ಎಷ್ಟು ನೀರು ಮತ್ತು ಎಷ್ಟು ಶಾಖ ಬೇಕು, ಸಂಯುಕ್ತ ತೆಗೆದ ಮೇಲೆ ಉಳಿಯುವ ರಾಶಿ ಮತ್ತು ಹೊರಬೀಳುವ ನೀರು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಗಳಿಗೆಲ್ಲ ಸಮಾಧಾನಕರ ಉತ್ತರ ಇರಬೇಕು. ಬರಗಾಲದಲ್ಲಿ ಟ್ಯಾಂಕರ್ ನೀರು ತಂದು ಬಳ್ಳಿ ಉಳಿಸಿಕೊಂಡ ನಾಡಿನಲ್ಲಿ, ನೀರಿನ ಪ್ರಶ್ನೆಯನ್ನೇ ಮೊದಲು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತು ಪಟ್ಟು ನೀರಿನಲ್ಲಿ ಕುದಿಸಿ, ಬಸಿದು, ಉಳಿದದ್ದನ್ನು ಹಳ್ಳಕ್ಕೆ ಬಿಡುವ ವಿಧಾನಕ್ಕೆ ಎಷ್ಟೇ ಹಸಿರು ಹೆಸರಿಟ್ಟರೂ ಅದು ಇಲ್ಲಿಗೆ ಸಲ್ಲದು.

ಪಾಲಿಫಿನಾಲ್ ತೆಗೆಯುವ ಕ್ರಮವನ್ನು ವಿವರವಾಗಿ ತಿಳಿಸುವಿರಾ?

ಎಲ್ಲಕ್ಕೂ ಮೊದಲು ಒಣಗಿಸಬೇಕು. ಹಸಿ ಚರಟ ನಮ್ಮ ಬೇಸಗೆಯಲ್ಲಿ ಒಂದೆರಡು ದಿನಗಳಲ್ಲಿಯೇ ಹುಳಿತು ಬೂಸಲು ಹಿಡಿಯುತ್ತದೆ. ಬೂಸಲು ಬಂದ ರಾಶಿಯಿಂದ ಆಹಾರಕ್ಕೆ ಯೋಗ್ಯವಾದ ಏನನ್ನೂ ತೆಗೆಯಬಾರದು. 60 ಡಿಗ್ರಿ ಸೆಲ್ಸಿಯಸ್ ಮೀರದ ಶಾಖದಲ್ಲಿ, ನೆರಳಿನಲ್ಲಿ ಗಾಳಿಯಾಡುವಂತೆ, ತೇವ ಶೇ 10ಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸಬೇಕು. ಸಿಪ್ಪೆಯ ಬಣ್ಣ ಬಿಸಿಲಿಗೂ ಹೆಚ್ಚಿನ ಶಾಖಕ್ಕೂ ಬೇಗ ನಾಶವಾಗುವುದರಿಂದ ಬಯಲಿನಲ್ಲಿ ಹರಡುವ ಅಭ್ಯಾಸ ಒಳ್ಳೆಯದಲ್ಲ.

ಒಣಗಿದ್ದನ್ನು ಒಂದು ಮಿಲಿಮೀಟರ್ ಆಸುಪಾಸಿನ ಕಣಗಳಾಗಿ ಬೀಸಿ, ಎಥನಾಲ್ ಮತ್ತು ನೀರನ್ನು ಸರಿಸುಮಾರು ಸಮ ಪ್ರಮಾಣದಲ್ಲಿ ಕೂಡಿಸಿದ ದ್ರಾವಣದಲ್ಲಿ 50ರಿಂದ 60 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಕಲಕುತ್ತಾರೆ. ಬರಿ ನೀರಿಗಿಂತ ಮತ್ತು ಬರಿ ಎಥನಾಲ್‌ಗಿಂತ ಎರಡರ ಮಿಶ್ರಣವೇ ಹೆಚ್ಚು ಪಾಲಿಫಿನಾಲ್ ಎಳೆಯುತ್ತದೆ. ಏಕೆಂದರೆ ನೀರು ಸಸ್ಯಕೋಶವನ್ನು ಉಬ್ಬಿಸಿ ದಾರಿ ತೆರೆಯುತ್ತದೆ, ಎಥನಾಲ್ ಒಳಗಿನ ಸಂಯುಕ್ತವನ್ನು ಕರಗಿಸಿಕೊಂಡು ಹೊರತರುತ್ತದೆ. ಬಣ್ಣ ಬೇಕಾದಲ್ಲಿ ಸ್ವಲ್ಪ ನಿಂಬೆ ಆಮ್ಲ ಸೇರಿಸಿ ದ್ರಾವಣವನ್ನು ಹುಳಿಯಾಗಿ ಇಡುತ್ತಾರೆ, ಏಕೆಂದರೆ ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಾಗಿ ಸ್ಥಿರವಾಗಿರುತ್ತದೆ ಮತ್ತು ಕ್ಷಾರದಲ್ಲಿ ನೀಲಿಗೆ ತಿರುಗಿ ಕೆಡುತ್ತದೆ.

ಬಳಿಕ ಸೋಸಿ, ಒತ್ತಡ ತಗ್ಗಿಸಿದ ಪಾತ್ರೆಯಲ್ಲಿ 50 ಡಿಗ್ರಿಯೊಳಗೆ ಎಥನಾಲ್ ಅನ್ನು ಆವಿ ಮಾಡಿ ಹಿಡಿದು ಮುಂದಿನ ಸರದಿಗೆ ಬಳಸಬೇಕು. ಮರಳಿ ಹಿಡಿಯುವ ಈ ಹಂತವನ್ನು ಕೈಬಿಟ್ಟರೆ ಇಡೀ ಕೆಲಸಕ್ಕೆ ಅರ್ಥವಿಲ್ಲ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನಿಂದ ಎಥನಾಲ್ ತಯಾರಾಗುತ್ತಿರುವುದರಿಂದ, ದ್ರಾವಕವನ್ನು ದೂರದಿಂದ ತರಿಸಬೇಕಾಗಿಲ್ಲ ಎಂಬುದು ನಮಗಿರುವ ದೊಡ್ಡ ಅನುಕೂಲ. ಆದರೆ ಅದನ್ನು ಸಂಗ್ರಹಿಸಲು ಅಬಕಾರಿ ಇಲಾಖೆಯ ಅನುಮತಿ ಬೇಕು. ಅರ್ಧಕ್ಕರ್ಧ ನೀರು ಬೆರೆತ ಎಥನಾಲ್‌ನ ಆವಿಯೂ ಸುಮಾರು 25 ಡಿಗ್ರಿಯಲ್ಲಿಯೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಇದನ್ನು ಮನೆಯ ಹಿತ್ತಲಲ್ಲಿ ಮಾಡಲು ಹೋಗಬಾರದು.

ಹೆಕ್ಸೇನ್ ಅಗ್ಗವಲ್ಲವೇ?

ಅಗ್ಗವೇನೋ ಹೌದು, ಎಣ್ಣೆಯನ್ನೂ ಚೆನ್ನಾಗಿ ಎಳೆಯುತ್ತದೆ. ಆದರೆ ಅದು ಪೆಟ್ರೋಲಿಯಂ ಉತ್ಪನ್ನ, ಅದರ ಆವಿ ನರಗಳಿಗೆ ಹಾನಿಕರ, ಬೆಂಕಿಗೂ ಬೇಗ ಈಡಾಗುತ್ತದೆ. ಸಣ್ಣ ಪ್ರಮಾಣದಲ್ಲಿ ಗಾಣದಲ್ಲಿ ಹಿಂಡುವುದೇ ಮೇಲು.

ಶ್ರವಣಾತೀತ ತರಂಗ, ಸೂಪರ್‌ಕ್ರಿಟಿಕಲ್ ವಿಧಾನಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಶ್ರವಣಾತೀತ ತರಂಗಗಳು ದ್ರಾವಣದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸಿ ಒಡೆಯುತ್ತವೆ. ಆ ಒಡೆತಕ್ಕೆ ಕೋಶದ ಗೋಡೆ ಹರಿದು ಸಂಯುಕ್ತ ಬೇಗ ಹೊರಬರುತ್ತದೆ. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ, ಶಾಖವೂ ಕಡಿಮೆ ಸಾಕು. ಸಲಕರಣೆಯನ್ನು ಚಿಕ್ಕದರಿಂದ ಆರಂಭಿಸಬಹುದಾದ ಕಾರಣ ರೈತರ ಗುಂಪಿಗೆ ಇದು ಹೊಂದುತ್ತದೆ. ಪೆಕ್ಟಿನೇಸ್, ಸೆಲ್ಯುಲೇಸ್ ಮುಂತಾದ ಕಿಣ್ವಗಳನ್ನು ಮೊದಲು ಬಳಸಿ ಕೋಶದ ಗೋಡೆ ಮೆತ್ತಗಾಗುವಂತೆ ಮಾಡುವ ವಿಧಾನವೂ ಇದೆ.

ಇಂಗಾಲದ ಡೈಆಕ್ಸೈಡ್ ಅನಿಲ 31 ಡಿಗ್ರಿ ಶಾಖ ಮತ್ತು ಸುಮಾರು 74 ಬಾರ್ ಒತ್ತಡ ದಾಟಿದಾಗ ದ್ರವದಂತೆ ಕರಗಿಸುವ ಮತ್ತು ಅನಿಲದಂತೆ ನುಸುಳುವ ಗುಣಗಳೆರಡನ್ನೂ ಪಡೆಯುತ್ತದೆ; ಇದೇ ಸೂಪರ್‌ಕ್ರಿಟಿಕಲ್ ಸ್ಥಿತಿ. ಒತ್ತಡ ಇಳಿಸಿದೊಡನೆ ಅದು ಹಾರಿಹೋಗುವುದರಿಂದ ಎಣ್ಣೆಯಲ್ಲಿ ದ್ರಾವಕದ ಶೇಷ ಉಳಿಯುವುದಿಲ್ಲ, ನೀರೂ ಬೇಕಾಗಿಲ್ಲ. ಆದರೆ ಅದು ಎಣ್ಣೆಯಂಥ ಪದಾರ್ಥಗಳಿಗೆ ಒಲಿಯುತ್ತದೆಯೇ ಹೊರತು ಟ್ಯಾನಿನ್‌ಗಳಿಗಲ್ಲ. ಅವುಗಳಿಗಾಗಿ ಎಥನಾಲ್ ಕೂಡಿಸಬೇಕಾಗುತ್ತದೆ. ನೂರಾರು ಬಾರ್ ಒತ್ತಡ ತಡೆಯುವ ಯಂತ್ರದ ಬೆಲೆಯನ್ನೂ, ಬೀಜವೇ ಇಲ್ಲದ ನಮ್ಮ ದ್ರಾಕ್ಷಿಯನ್ನೂ ಒಟ್ಟಿಗೆ ನೆನೆದರೆ, ಇದು ಸದ್ಯಕ್ಕೆ ನಮ್ಮ ಆಯ್ಕೆಯಲ್ಲ ಎಂದು ಸ್ಪಷ್ಟವಾಗಿ ಹೇಳಬಹುದು.

ಚಾಟ್ನಿಯ ಕಡ್ಡಿಯನ್ನು ಸುಡದೆ ಇಟ್ಟುಕೊಂಡರೆ ಏನು ಪ್ರಯೋಜನ?

ಒಣದ್ರಾಕ್ಷಿ ಸೀಮೆಗೆ ಅತ್ಯಂತ ಮಹತ್ವದ ಪ್ರಶ್ನೆ ಇದೇ ಎಂದು ನಾನು ನಂಬುತ್ತೇನೆ. ಬಳ್ಳಿ ತನ್ನ ರಕ್ಷಣೆಗಾಗಿ, ಅಂದರೆ ಗಾಯ, ಶಿಲೀಂಧ್ರ ಮತ್ತು ಒಣಗುವಿಕೆಯನ್ನು ಎದುರಿಸಲು, ರೆಸ್ವೆರಾಟ್ರಾಲ್ ಗುಂಪಿನ ಸಂಯುಕ್ತಗಳನ್ನು ತಯಾರಿಸುತ್ತದೆ. ಕತ್ತರಿಸಿದ ಕಡ್ಡಿ ಆ ಕ್ಷಣಕ್ಕೇ ಸಾಯುವುದಿಲ್ಲ. ಅದರೊಳಗಿನ ಕೋಶಗಳು ಕೆಲವು ವಾರ ಜೀವಂತವಾಗಿದ್ದು ಈ ಕೆಲಸವನ್ನು ಮುಂದುವರಿಸುತ್ತವೆ. ಸುಮಾರು 20 ಡಿಗ್ರಿಯ ತಂಪಿನಲ್ಲಿ ಕೆಲವು ವಾರ ಇಟ್ಟ ಕಡ್ಡಿಗಳಲ್ಲಿ ರೆಸ್ವೆರಾಟ್ರಾಲ್ ಪ್ರಮಾಣ ಕತ್ತರಿಸಿದ ದಿನಕ್ಕಿಂತ ಹಲವು ಪಟ್ಟು ಹೆಚ್ಚುವುದು ಯುರೋಪಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಕತ್ತರಿಸಿದ ಕೂಡಲೇ ಬಿಸಿ ಗಾಳಿಯಲ್ಲಿ ಒಣಗಿಸಿದರೆ ಕೋಶಗಳು ಸತ್ತು ಈ ಲಾಭ ತಪ್ಪುತ್ತದೆ.

ಈಗ ನಮ್ಮ ವರ್ಷದ ಕ್ರಮವನ್ನು ನೋಡಿ. ಏಪ್ರಿಲ್‌ನಲ್ಲಿ ಬಿದ್ದ ಕಡ್ಡಿ ಬಿಸಿಲಿನ ಝಳಕ್ಕೆ ಬೇಗನೆ ಒಣಗಿ ಸೌದೆಯಾಗುತ್ತದೆ. ಅಕ್ಟೋಬರ್‌ನಲ್ಲಿ ಹಾಗಲ್ಲ, ಆಗ ಹವೆ ಇಳಿದಿರುತ್ತದೆ. ಮಿಗಿಲಾಗಿ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿಯಿಂದ ತುಂಬಿರುವ ಶೆಡ್ಡುಗಳು ಅಕ್ಟೋಬರ್‌ನಲ್ಲಿ ಖಾಲಿ ಬಿದ್ದಿರುತ್ತವೆ. ನೆರಳು, ಗಾಳಿ, ಜಾಲಿಯ ಅಂತಸ್ತುಗಳು ಎಲ್ಲವೂ ಆಗಲೇ ಸಿದ್ಧವಾಗಿವೆ. ಬೆಳಕಿಗೆ ರೆಸ್ವೆರಾಟ್ರಾಲ್‌ನ ಅಣುರಚನೆ ಬದಲಾಗಿ ಅದರ ಸತ್ವ ಕುಗ್ಗುವುದರಿಂದ ನೆರಳು ಇಲ್ಲಿ ಬಹಳ ಮುಖ್ಯ. ಹೊಸ ಕಟ್ಟಡಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡದೆ, ತಪ್ಪಲು ಬಿಡಿಸಿದ ಕಡ್ಡಿಗಳನ್ನು ಸಡಿಲವಾದ ಹೊರೆ ಕಟ್ಟಿ ಆರು ವಾರ ಅಲ್ಲಿ ಇಡಬಹುದು. ನಮ್ಮ ಹವೆಯಲ್ಲಿ, ನಮ್ಮ ತಳಿಗಳಲ್ಲಿ ಎಷ್ಟು ವಾರ ಇಡುವುದು ಸೂಕ್ತ ಎಂಬುದನ್ನು ವಾರಕ್ಕೊಮ್ಮೆ ಮಾದರಿ ತೆಗೆದು ಪರೀಕ್ಷಿಸಿಯೇ ನಿರ್ಧರಿಸಬೇಕು.

ವೈನ್ ಗಸಿಯಿಂದ ಟಾರ್ಟಾರಿಕ್ ಆಮ್ಲ ಪಡೆಯುವುದು ಕಷ್ಟವೇ?

ಅದರ ಲವಣವನ್ನು ಪಡೆಯುವುದು ಸುಲಭ. ಹುಣಸೆಹಣ್ಣಿನ ಹುಳಿಗೆ ಕಾರಣವಾದ ಆಮ್ಲವೇ ದ್ರಾಕ್ಷಿಯಲ್ಲಿಯೂ ಮುಖ್ಯ ಆಮ್ಲ. ಸ್ವೀಡನ್ನಿನ ಷೀಲೆ 1769ರಲ್ಲಿ ಇದನ್ನು ವೈನ್ ಪಾತ್ರೆಯ ಗಸಿಯಿಂದಲೇ ಮೊದಲು ಬೇರ್ಪಡಿಸಿದನು. 1848ರಲ್ಲಿ ಪ್ಯಾಶ್ಚರ್ ಇದೇ ಆಮ್ಲದ ಲವಣದ ಹರಳುಗಳನ್ನು ಚಿಮಟದಿಂದ ಎಡ, ಬಲ ಎಂದು ಆರಿಸಿ, ಅಣುಗಳಿಗೂ ಕನ್ನಡಿಯ ಪ್ರತಿಬಿಂಬದಂಥ ಜೋಡಿ ಇರುವುದನ್ನು ತೋರಿಸಿದನು.

ಗಸಿಯಲ್ಲಿರುವ ಪೊಟ್ಯಾಶಿಯಂ ಬೈಟಾರ್ಟ್ರೇಟ್ ಬಿಸಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ತಣ್ಣೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಕುದಿಯುವ 100 ಲೀಟರ್ ನೀರಿನಲ್ಲಿ ಸುಮಾರು 6 ಕಿಲೋ ಕರಗಿದರೆ, 20 ಡಿಗ್ರಿಗೆ ತಣಿದಾಗ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಮಾತ್ರ ದ್ರಾವಣದಲ್ಲಿ ನಿಂತು ಉಳಿದದ್ದು ಹರಳಾಗಿ ತಳಕ್ಕೆ ಇಳಿಯುತ್ತದೆ. ಬಿಸಿಯಾಗಿರುವಾಗಲೇ ಸೋಸಿ, ತಣಿಸಿ, ಹರಳು ತೆಗೆದುಕೊಂಡು, ಅದೇ ನೀರನ್ನು ಮತ್ತೆ ಕಾಯಿಸಿ ಬಳಸಬಹುದಾದ್ದರಿಂದ ನೀರಿನ ಖರ್ಚು ಹಿಡಿತದಲ್ಲಿರುತ್ತದೆ. ಬೇಕರಿಯವರು ಕ್ರೀಮ್ ಆಫ್ ಟಾರ್ಟರ್ ಎಂದು ಕರೆಯುವುದು ಶುದ್ಧಗೊಳಿಸಿದ ಈ ಹರಳನ್ನೇ. ಇನ್ನೂ ಮುಂದೆ ಹೋಗಿ ಆಮ್ಲವನ್ನೇ ಪಡೆಯಬೇಕಾದರೆ ಸುಣ್ಣದ ಲವಣವಾಗಿಸಿ ಗಂಧಕಾಮ್ಲ ಬಳಸಬೇಕು. ಅದರಿಂದ ಜಿಪ್ಸಂ ರಾಶಿಯೂ ಆಮ್ಲದ ನೀರೂ ಹುಟ್ಟುತ್ತವೆ. ಸಣ್ಣ ಘಟಕದವರು ಹರಳಿನ ಹಂತದಲ್ಲಿಯೇ ನಿಲ್ಲುವುದು ಒಳಿತು.

ನಾವು ಹೊಡೆದ ಔಷಧಿಗಳು ಸಾರದಲ್ಲಿ ಬರುವುದಿಲ್ಲವೇ?

ಬರುತ್ತವೆ. ಸಂಯುಕ್ತವನ್ನು ಸಾಂದ್ರಗೊಳಿಸುವಾಗ ಔಷಧಿಯ ಶೇಷವೂ ಅದರೊಂದಿಗೆ ಸಾಂದ್ರವಾಗಬಹುದು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ತಾಮ್ರ ತಪ್ಪಲಿನ ಮೇಲೆ ಉಳಿಯುತ್ತದೆ. ಅಕ್ಟೋಬರ್ ಚಾಟ್ನಿಯ ನಂತರ ಕಣ್ಣು (ಚಿಗುರು ಮೊಗ್ಗು) ಒಡೆಯಲು ಹಚ್ಚುವ ಹೈಡ್ರೋಜನ್ ಸಯನಮೈಡ್ ಪೇಸ್ಟ್ ಬಳ್ಳಿಯಲ್ಲಿ ಉಳಿಸಿಕೊಂಡ ಕಡ್ಡಿಗೆ ತಗಲುತ್ತದೆ. ಆ ಕಡ್ಡಿ ಬೀಳುವುದು ಮುಂದಿನ ಏಪ್ರಿಲ್‌ನಲ್ಲಿ. ಅಕ್ಟೋಬರ್‌ನಲ್ಲಿ ಬಿದ್ದ ಕಡ್ಡಿಗೆ ಅದು ತಗಲಿರುವುದಿಲ್ಲ. ಅಕ್ಟೋಬರ್ ಕಡ್ಡಿಯನ್ನು ಆರಿಸಿಕೊಳ್ಳಲು ಇದು ಇನ್ನೊಂದು ಬಲವಾದ ಕಾರಣ.

ಶೆಡ್ಡಿನ ತೊಟ್ಟುಗಳ ಕಥೆ ಬೇರೆ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್ ಹಾಕಿದ ದ್ರಾವಣದಲ್ಲಿ ಗೊನೆ ಅದ್ದುವುದರಿಂದ, ತೊಟ್ಟಿನ ಮೇಲೂ ಕ್ಷಾರ ಮತ್ತು ಎಣ್ಣೆಯ ಲೇಪ ಉಳಿಯುತ್ತದೆ. ಗಂಧಕದ ಹೊಗೆ ಕೊಟ್ಟಿದ್ದರೆ ಸಲ್ಫೈಟ್ ಕೂಡ ಸೇರುತ್ತದೆ. ಇದರಲ್ಲಿ ಒಂದು ಮೋಸವಿದೆ: ಪಾಲಿಫಿನಾಲ್ ಅಳೆಯಲು ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವ ಫೋಲಿನ್ ಪರೀಕ್ಷೆಯಲ್ಲಿ ಸಲ್ಫೈಟ್ ಕೂಡ ಬಣ್ಣ ಕೊಡುತ್ತದೆ. ಆದ್ದರಿಂದ ಹೊಗೆ ಕೊಟ್ಟ ತೊಟ್ಟಿನ ಅಂಕಿ ವಾಸ್ತವಕ್ಕಿಂತ ದೊಡ್ಡದಾಗಿ ಕಾಣಬಹುದು. ಆ ಅಂಕಿಯನ್ನು ನಂಬಿ ಬಂಡವಾಳ ಹೂಡಬಾರದು.

ತಪ್ಪಲು ಮತ್ತು ಚರಟವನ್ನು ಕುರಿ, ದನಗಳಿಗೆ ಹಾಕಿದರೆ ಸಾಲದೇ?

ಕುರಿಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಸಾಕುಪ್ರಾಣಿಗಳ ಪೈಕಿ ತಾಮ್ರದ ವಿಷ ಕುರಿಗೆ ತಾಗುವಷ್ಟು ಸುಲಭವಾಗಿ ಬೇರೆ ಪ್ರಾಣಿಗೆ ತಾಗುವುದಿಲ್ಲ. ಅದು ಯಕೃತ್ತಿನಲ್ಲಿ ಸದ್ದಿಲ್ಲದೆ ಸೇರುತ್ತಾ ಹೋಗಿ ಒಮ್ಮೆಗೇ ಪ್ರಾಣ ತೆಗೆಯಬಹುದು. ಬೋರ್ಡೋ ಹೊಡೆದ ಪಡಕ್ಕೆ ಕುರಿಗಾರರನ್ನು ಕರೆಯಬಾರದು, ಬಂದವರಿಗೂ ವಿಷಯ ತಿಳಿಸಬೇಕು. ದನಗಳಿಗೆ ಚರಟವನ್ನು ಇತರ ಮೇವಿನೊಂದಿಗೆ ಸ್ವಲ್ಪ ಪ್ರಮಾಣದಲ್ಲಿ ಕೊಡಬಹುದು. ಹೆಚ್ಚಾದರೆ ಟ್ಯಾನಿನ್ ಮೇವಿನ ಪ್ರೋಟೀನನ್ನು ಹಿಡಿದಿಟ್ಟು ಜೀರ್ಣವಾಗಲು ಬಿಡುವುದಿಲ್ಲ.

ದ್ರಾಕ್ಷಿಯ ಬಣ್ಣದಿಂದ ಇಳಕಲ್ ಸೀರೆಗೆ ಬಣ್ಣ ಕಟ್ಟಬಹುದೇ?

ಆಂಥೋಸಯಾನಿನ್ ಬೆಳಕಿಗೂ ಒಗೆತಕ್ಕೂ ನಿಲ್ಲುವುದಿಲ್ಲ; ಸಾಬೂನಿನ ಕ್ಷಾರ ತಾಗಿದೊಡನೆ ಅದರ ಬಣ್ಣವೇ ಬದಲಾಗುತ್ತದೆ. ವರ್ಷಗಟ್ಟಲೆ ಉಡುವ ಸೀರೆಗೆ ಅದು ತಕ್ಕುದಲ್ಲ. ಆದರೆ ತೊಟ್ಟು ಮತ್ತು ಬೀಜದ ಟ್ಯಾನಿನ್ ಹತ್ತಿಯ ನೂಲಿಗೆ ಬೇರೆ ನೈಸರ್ಗಿಕ ಬಣ್ಣ ಹಿಡಿಸಲು, ಅಳಲೆಕಾಯಿಯ ಒಗರಿನಂತೆ, ನೆರವಾಗಬಲ್ಲದು. ಇಳಕಲ್ಲಿನ ಮತ್ತು ಗುಳೇದಗುಡ್ಡದ ನೇಕಾರರೊಂದಿಗೆ ಕೂಡಿ ಮಾಡಬಹುದಾದ ಒಳ್ಳೆಯ ಪ್ರಯೋಗ ಇದು.

ಸಂಯುಕ್ತ ತೆಗೆದ ಮೇಲೆ ಉಳಿಯುವುದನ್ನು ಏನು ಮಾಡಬೇಕು?

ತೂಕದ ಲೆಕ್ಕದಲ್ಲಿ ಬಹುಪಾಲು ಹಾಗೆಯೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಹಸಿ ಚರಟವನ್ನು ನೇರವಾಗಿ ಹೊಲಕ್ಕೆ ಹಾಕಿದರೆ ಅದರ ಹುಳಿ ಮತ್ತು ಟ್ಯಾನಿನ್‌ನಿಂದ ಬೀಜ ಮೊಳೆಯುವುದು ಕುಂಠಿತವಾಗುತ್ತದೆ. ಸಾರ ತೆಗೆದ ಮೇಲೆ ಆ ದೋಷ ಕಡಿಮೆಯಾಗುವುದರಿಂದ ಗೊಬ್ಬರವಾಗುವುದು ಸುಲಭ. ಕಡ್ಡಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಆದ್ದರಿಂದ ಸಗಣಿ ಬೆರೆಸಿ, ರಾಶಿಯ ಒಳಗೆ ಕೆಲವು ದಿನ 55 ಡಿಗ್ರಿ ದಾಟುವಂತೆ ನೋಡಿಕೊಂಡು, ಮಗುಚುತ್ತಾ ಕಳಿಸಬೇಕು. ಆ ಶಾಖಕ್ಕೆ ರೋಗಾಣುಗಳೂ ಬಹುತೇಕ ಸಾಯುತ್ತವೆ. ಆದರೆ ತಾಮ್ರ ಕಳಿಯುವ ವಸ್ತುವಲ್ಲ. ತಪ್ಪಲಿನ ಗೊಬ್ಬರವನ್ನು ಪ್ರತಿ ವರ್ಷ ಅದೇ ಪಡಕ್ಕೆ ಹಾಕುವವರು ಮಣ್ಣಿನ ತಾಮ್ರದ ಪ್ರಮಾಣವನ್ನು ಆಗಾಗ ಪರೀಕ್ಷೆ ಮಾಡಿಸಬೇಕು.

ಒಬ್ಬ ರೈತ ಇದನ್ನು ಆರಂಭಿಸಬಹುದೇ?

ಒಣಗಿಸುವುದು, ಬೇರ್ಪಡಿಸುವುದು, ಬೀಸುವುದು, ನೆರಳಿನಲ್ಲಿ ಕಾಪಿಡುವುದು ಇಷ್ಟನ್ನು ಒಬ್ಬ ರೈತ ಖಂಡಿತ ಮಾಡಬಹುದು. ದ್ರಾವಕ ಬಳಸುವ ಹಂತವನ್ನು ರೈತ ಉತ್ಪಾದಕ ಕಂಪನಿಯೋ ಪರವಾನಗಿ ಪಡೆದ ಘಟಕವೋ ವಹಿಸಿಕೊಳ್ಳಬೇಕು. ಆಹಾರವಾಗಿ ಮಾರುವ ಯಾವುದೇ ಸಾರಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ಕೊಳ್ಳುವವರು ಯಾವ ಸಂಯುಕ್ತವನ್ನು, ಎಷ್ಟು ಶುದ್ಧತೆಯಲ್ಲಿ ಕೇಳುತ್ತಾರೆ ಎಂಬುದನ್ನು ಲಿಖಿತವಾಗಿ ಪಡೆಯದೆ ಯಂತ್ರ ಖರೀದಿಸಬೇಡಿ.

ಮಾದರಿಯನ್ನು ಹೇಗೆ ಮತ್ತು ಎಲ್ಲಿಗೆ ಕಳುಹಿಸಬೇಕು?

ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ವಿಜಯಪುರದ ಹಿಟ್ಟಿನಹಳ್ಳಿಯಲ್ಲಿರುವ ಕೃಷಿ ಮಹಾವಿದ್ಯಾಲಯ ಮತ್ತು ಪುಣೆ ಬಳಿಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ತಜ್ಞರನ್ನು ಮೊದಲು ವಿಚಾರಿಸಬಹುದು. ಒಂದೇ ಬಳ್ಳಿಯಿಂದ ತೆಗೆದ ಮಾದರಿ ಇಡೀ ಪಡವನ್ನು ಪ್ರತಿನಿಧಿಸುವುದಿಲ್ಲ. ಬೇರೆ ಬೇರೆ ಸಾಲುಗಳಿಂದ ಕನಿಷ್ಠ 20 ಬಳ್ಳಿಗಳ ಕಡ್ಡಿ ಕೂಡಿಸಿ, ನೆರಳಿನಲ್ಲಿ ಒಣಗಿಸಿ, ಪ್ಲಾಸ್ಟಿಕ್ ಬದಲು ಕಾಗದದ ಚೀಲದಲ್ಲಿ ತುಂಬಬೇಕು. ಚೀಲದ ಮೇಲೆ ತಳಿ, ಚಾಟ್ನಿಯ ದಿನಾಂಕ, ಶೆಡ್ಡಿನಲ್ಲಿ ಇಟ್ಟ ದಿನಗಳು ಮತ್ತು ಕೊನೆಯ ಮೂರು ಸಿಂಪಡಣೆಗಳ ಹೆಸರು ಹಾಗೂ ದಿನಾಂಕವನ್ನು ತಪ್ಪದೆ ಬರೆಯಿರಿ.